ಅಪ್ಪನ ಹಿಪ್ ಕಪ್ ಸಡಿಲವಾಗಿದೆ: ಟ್ಯಾಂಟಲಮ್ ಹಾಕಿಸಿಕೊಂಡವರು ಇದ್ದೀರಾ?

ಅಪ್ಪನಿಗೆ 67. ಹಿಂದೆ ಹಾಕಿಸಿದ ಕೃತಕ ಹಿಪ್‌ನ ಕಪ್ (ಸೊಂಟದ ಕೀಲಿನ ಗುಳಿಯಲ್ಲಿ ಕೂರಿಸುವ ಬಟ್ಟಲು) ಅಲುಗಾಡುತ್ತಿದೆ, ಸುತ್ತಲ ಮೂಳೆ ಸವೆದಿದೆ. ಒಬ್ಬ ಡಾಕ್ಟರ್ ಟ್ಯಾಂಟಲಮ್ ಅನ್ನುವ ಲೋಹದ ಕಪ್ ಅನ್ನುತ್ತಾರೆ, ಇನ್ನೊಬ್ಬರು ತ್ರೀಡಿ ಪ್ರಿಂಟ್ ಮಾಡಿದ ಟೈಟಾನಿಯಂ ಸಾಕು ಅನ್ನುತ್ತಾರೆ. ಅನುಭವ ಇದ್ದವರು ಹೇಳಿ.

ಶಿವಮೊಗ್ಗದ ಮೇಷ್ಟ್ರು:
ನಾನು ಟ್ಯಾಂಟಲಮ್ ಹಾಕಿಸಿಕೊಂಡೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಹಳೆಯ ಕಪ್ ಕಿತ್ತಾಗ ಮೇಲ್ಭಾಗದಲ್ಲಿ ಮೂಳೆಯೇ ಉಳಿದಿರಲಿಲ್ಲ. ಆ ಗುಳಿ ತುಂಬಲು ಆಗ್ಮೆಂಟ್ ಅನ್ನುವ ಲೋಹದ ತುಂಡು ಇಟ್ಟರು. ಎಸ್ಟಿಮೇಟ್‌ನಲ್ಲಿ ಅದು ಇರಲೇ ಇಲ್ಲ! ಸ್ಕ್ರೂ ಒಂದೊಂದಕ್ಕೂ ಬೇರೆ ಬಿಲ್, ಕಪ್ ಒಳಗಿನ ಲೈನರ್ ಬೇರೆ, ಅದರಲ್ಲಿ ತಿರುಗುವ ಹೆಡ್ (ಗುಂಡು) ಬೇರೆ, ರಕ್ತ ಬೇರೆ. ಇನ್ಶೂರೆನ್ಸ್‌ನವರು ಆಗ್ಮೆಂಟ್ ಹಣ ಕೊಡಲಿಲ್ಲ. ಡಿಸ್ಚಾರ್ಜ್ ಮಾಡಿಸಲು ಹೆಂಡತಿಯ ಬಳೆ ಅಡ ಇಟ್ಟೆವು. ಆದರೂ ಈಗ ಕೋಲಿಲ್ಲದೆ ನಡೆಯುತ್ತೇನೆ. ಆ ಲೋಹದಲ್ಲಿ ನೂರಕ್ಕೆ 75ರಿಂದ 85 ಭಾಗ ಬರೀ ರಂಧ್ರ, ಮೂಳೆ ಒಳಗೇ ಬೆಳೆದು ಹಿಡಿಯುತ್ತದೆ. ಸ್ಟಿಫ್‌ನೆಸ್, ಅಂದರೆ ಬಾಗದ ಬಿಗಿತ, ಸುಮಾರು 3 ಗಿಗಾಪಾಸ್ಕಲ್, ಮೂಳೆಗೆ ಹತ್ತಿರ. ಟೈಟಾನಿಯಂದು 110.

ಹುಬ್ಬಳ್ಳಿ ಅಂಗಡಿ:
110 ಅನ್ನುವುದು ಗಟ್ಟಿ ಲೋಹದ ಲೆಕ್ಕ. ಪ್ರಿಂಟ್ ಮಾಡಿದ ಜಾಲರಿಯದು ತುಂಬಾ ಕಮ್ಮಿ. ಸುಮ್ನೆ ಹೆದರಿಸಬೇಡಿ. ನನ್ನದು ಟೈಟಾನಿಯಂ, ಲೋಹದಿಂದ ಏನೂ ತೊಂದರೆ ಆಗಲಿಲ್ಲ. ಫಿಸಿಯೋ ಒಬ್ಬರು ಬೇಗ ವಾಕರ್ ಬಿಡಿಸಿದರು, ಅಲ್ಲಿಂದ ಶುರುವಾಯಿತು ಗೋಳು. ಭಾರ ಬಿದ್ದು ಕಪ್ 150 ಮೈಕ್ರಾನ್‌ಗಿಂತ (ಮಿಲಿಮೀಟರ್‌ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಜಾಸ್ತಿ ಅಲುಗಿದರೆ ಮೂಳೆ ಬದಲು ನಾರಿನಂಥ ಅಂಗಾಂಶ ಬೆಳೆಯುತ್ತದೆ. ತೊಡೆಸಂದಿನಲ್ಲಿ ನೋವು. ಮತ್ತೆ ವಾಕರ್, ಎಕ್ಸ್‌ರೇ, ಸಿಟಿ. ಸೋಂಕಿದೆಯಾ ಅಂತ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ, ಸೂಜಿ ಹಾಕಿ ನೀರು ತೆಗೆದು ಕಲ್ಚರ್. ಸೋಂಕು ಇರಲಿಲ್ಲ, ಕಪ್ ಉಳಿಯಿತು. ಆದರೆ ಅಂಗಡಿ ಮುಚ್ಚಿದ ನಷ್ಟ ಆಪರೇಷನ್ ಬಿಲ್ಲನ್ನೇ ಮೀರಿತು.

ಮಂಡ್ಯ ರೈತ:
ಸರ್ಕಾರ ದರ ಕಟ್ಟಿದೆ, ನೀವೇಕೆ ಅಷ್ಟು ಕೊಟ್ಟಿರಿ? ನನ್ನ ಕೋಬಾಲ್ಟ್ ಕ್ರೋಮ್ ಲೋಹದ ಕೃತಕ ಮಂಡಿಗೆ 2017ರಲ್ಲಿ 54,720 ರೂಪಾಯಿ, ಮೇಲೆ ಜಿಎಸ್‌ಟಿ, ಅಷ್ಟೇ. ಸಿಮೆಂಟ್ ಹಾಕಿ ಕೂರಿಸಿದರು, ಮಾರನೇ ದಿನ ನಡೆಸಿದರು. ರಂಧ್ರ ಗಿಂಧ್ರ ಎಲ್ಲಾ ದುಡ್ಡು ಕೀಳುವ ದಾರಿ.

ಶಿವಮೊಗ್ಗದ ಮೇಷ್ಟ್ರು:
ದರ ಕಟ್ಟಿದ ಆ ಆಗಸ್ಟ್ 2017ರ ಆದೇಶ ಮಂಡಿಗೆ, ಹಿಪ್‌ಗೆ ಅಲ್ಲ. ನಿಮ್ಮದು ಮೊದಲ ಸಲದ ಮಂಡಿ. ಇವರು ಕೇಳುತ್ತಿರುವುದು ರಿವಿಷನ್ ಹಿಪ್, ಅಂದರೆ ಹಳೆಯದನ್ನು ಕಿತ್ತು ಮತ್ತೆ ಹಾಕುವುದು. ಸಿಮೆಂಟ್ ಕಚ್ಚಿಕೊಳ್ಳಲೂ ಒಳ್ಳೆಯ ಮೂಳೆ ಬೇಕಲ್ವಾ? ಗೊತ್ತಿಲ್ಲದೆ ಮೋಸ ಅನ್ನಬೇಡಿ.

ಮಂಡ್ಯ ರೈತ:
ಬಳೆ ಅಡ ಇಟ್ಟವರು ನೀವು. ಮೋಸ ಅನ್ನದೆ ಏನನ್ನಲಿ? ಆಗ್ಮೆಂಟ್ ಪ್ಯಾಕಿನ ಸ್ಟಿಕ್ಕರ್ ಮೇಲೆ ಎಂಆರ್‌ಪಿ ಎಷ್ಟಿತ್ತು?

ಶಿವಮೊಗ್ಗದ ಮೇಷ್ಟ್ರು:
ಸ್ಟಿಕ್ಕರ್ ಕೊಡಲಿಲ್ಲ. ಫೈಲ್‌ನಲ್ಲಿದೆ ಅಂದರು.

ಹುಬ್ಬಳ್ಳಿ ಅಂಗಡಿ:
ಹಾಗಾದರೆ ಒಳಗಿರುವುದು ಟ್ಯಾಂಟಲಮ್ಮೇ ಅಂತ ಹೇಗೆ ಹೇಳುತ್ತೀರಿ?

ಶಿವಮೊಗ್ಗದ ಮೇಷ್ಟ್ರು:
ಎಕ್ಸ್‌ರೇ ನೋಡಿ ಹೇಳುತ್ತೇನೆ. ಟ್ಯಾಂಟಲಮ್ ಟೈಟಾನಿಯಂಗಿಂತ ದಟ್ಟ ಬಿಳಿಯಾಗಿ ಕಾಣುತ್ತದೆ. ಫಿಲ್ಮ್ ನನ್ನ ಹತ್ತಿರವೇ ಇದೆ, ಯಾವ ಡಾಕ್ಟರಿಗೆ ಬೇಕಾದರೂ ತೋರಿಸುತ್ತೇನೆ.

ಮಂಡ್ಯ ರೈತ:
ಫಿಲ್ಮ್ ಆಮೇಲೆ. ಮೊದಲು ಆ ಸ್ಟಿಕ್ಕರ್ ತರಿಸಿ, ದರ ಇಲ್ಲಿ ಹಾಕಿ.