ನಗರದಲ್ಲಿ ತಾಜಾ ತರಕಾರಿ, ಹಣ್ಣುಗಳನ್ನು ಕೈಗೆಟಕುವ ಬೆಲೆಗೆ ಕೊಳ್ಳುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಜನರ ಸಂಸಾರ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ, ರಜೆಯ ದಿನ ಮನೆಗೆ ಹತ್ತಿರದ ದೊಡ್ಡ ಅಂಗಡಿಗೆ ಹೋಗಿ ಇಡೀ ವಾರಕ್ಕೆ ಬೇಕಾದ ತರಕಾರಿ, ಹಣ್ಣುಗಳನ್ನು ಒಂದೇ ಸಲಕ್ಕೆ ತಂದು ಫ್ರಿಜ್‌ನಲ್ಲಿ ತುಂಬಿಡುತ್ತೇವೆ. ತಿಂಗಳ ಖರ್ಚಿನಲ್ಲಿ ಇದರ ಪಾಲು ಏರುತ್ತಲೇ ಇದೆ. ಅಷ್ಟು ಹಣ ಕೊಟ್ಟು ತಂದ ಸೊಪ್ಪು ವಾರದ ನಡುವಿಗೆ ಬರುವಷ್ಟರಲ್ಲಿ ಹಳದಿಯಾಗಿ ಕೊಳೆಯತೊಡಗುತ್ತದೆ, ಟೊಮೆಟೊಗೆ ರುಚಿಯೇ ಇರುವುದಿಲ್ಲ, ಹಣ್ಣುಗಳು ಕೆಲವು ದಿನ ಗಟ್ಟಿಯಾಗಿಯೇ ಇದ್ದು ಆಮೇಲೆ ಎಲ್ಲವೂ ಒಮ್ಮೆಲೇ ಕಳಿತುಬಿಡುತ್ತವೆ. ಮನೆಯಲ್ಲಿ ವಯಸ್ಸಾದ ಅತ್ತೆಯವರೂ ಬೆಳೆಯುವ ಮಗಳೂ ಇರುವುದರಿಂದ ಇವುಗಳನ್ನು ಕಡಿಮೆ ಮಾಡುವ ಯೋಚನೆ ನಮಗಿಲ್ಲ.

ದೊಡ್ಡ ಅಂಗಡಿಯನ್ನು ಬಿಟ್ಟರೆ ಬೀದಿಯ ತಳ್ಳುಗಾಡಿಗಳು, ವಾರದ ಸಂತೆ, ಮನೆಬಾಗಿಲಿಗೆ ತಂದುಕೊಡುವ ಆ್ಯಪ್‌ಗಳು ಮತ್ತು ಸಾಕಷ್ಟು ದೂರದಲ್ಲಿ ಒಂದು ಸಗಟು ಮಾರುಕಟ್ಟೆ ಇವೆ. ಯಾವುದನ್ನು ಎಲ್ಲಿ, ಯಾವ ಹೊತ್ತಿನಲ್ಲಿ ಕೊಂಡರೆ ಗುಣಮಟ್ಟವೂ ಬೆಲೆಯೂ ಹೊಂದುತ್ತವೆ ಎಂಬುದನ್ನು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1

ನಾನು ಹಲವು ವರ್ಷ ತರಕಾರಿ ವ್ಯಾಪಾರದಲ್ಲಿದ್ದವನು. ಅಂಗಡಿ ಯಾವುದು ಎಂಬ ಪ್ರಶ್ನೆಗೆ ಮೊದಲು, ಆ ಅಂಗಡಿಗೆ ಮಾಲು ಯಾವಾಗ ಬಂತು ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಸಗಟು ಮಾರುಕಟ್ಟೆಗೆ ಲಾರಿಗಳು ಬರುವುದು ಸಾಮಾನ್ಯವಾಗಿ ರಾತ್ರಿ. ಬೆಳಕು ಹರಿಯುವ ಮೊದಲೇ ವ್ಯಾಪಾರ ಜೋರಾಗಿ ನಡೆದು, ಚಿಲ್ಲರೆ ವ್ಯಾಪಾರಿಗಳು ಮಾಲು ಎತ್ತಿಕೊಂಡು ಬೆಳಿಗ್ಗೆಯ ಹೊತ್ತಿಗೆ ತಮ್ಮ ತಮ್ಮ ಬೀದಿಗಳನ್ನು ಸೇರುತ್ತಾರೆ. ಸಗಟು ಮಾರುಕಟ್ಟೆಗೆ ವಾರದಲ್ಲಿ ಯಾವ ದಿನ ರಜೆ ಎಂಬುದನ್ನು ನಿಮ್ಮ ಬೀದಿಯ ವ್ಯಾಪಾರಿಯನ್ನೇ ಕೇಳಿ. ಆ ದಿನ ಗಾಡಿಯಲ್ಲಿರುವುದು ಹಿಂದಿನ ದಿನ ಉಳಿದ ಮಾಲೇ ಆಗಿರುವುದು ಹೆಚ್ಚು, ಆದ್ದರಿಂದ ಸೊಪ್ಪನ್ನಂತೂ ಆವತ್ತು ಕೊಳ್ಳಬೇಡಿ.

ಎರಡನೆಯದಾಗಿ, ಚಿಲ್ಲರೆ ಬೆಲೆಯೊಳಗೆ ಕೊಳೆತು ಹೋದ ಮಾಲಿನ ಬೆಲೆಯೂ ಸೇರಿರುತ್ತದೆ. ಹತ್ತು ಕಿಲೋ ತಂದು ಎರಡು ಕಿಲೋ ಎಸೆಯಬೇಕಾದ ವ್ಯಾಪಾರಿ ಆ ಎರಡು ಕಿಲೋ ನಷ್ಟವನ್ನು ಉಳಿದ ಎಂಟರ ಮೇಲೆ ಹಾಕದೆ ಬದುಕಲಾರ. ಇದೇ ಕಾರಣಕ್ಕೆ ನಾಲ್ಕೈದು ಬಗೆಯ ತರಕಾರಿಗಳನ್ನಷ್ಟೇ ಇಟ್ಟುಕೊಂಡು, ಮಧ್ಯಾಹ್ನದೊಳಗೆ ಖಾಲಿ ಮಾಡುವ ಗಾಡಿಯಲ್ಲಿ ಮಾಲು ತಾಜಾ ಇರುತ್ತದೆ, ಬೆಲೆಯೂ ಕಡಿಮೆ ಇರುತ್ತದೆ. ಎಲ್ಲ ಬಗೆಯನ್ನೂ ಅಂದವಾಗಿ ಜೋಡಿಸಿಟ್ಟು ಗಿರಾಕಿಗಾಗಿ ಕಾಯುವ ಕಡೆ ಈ ಎರಡೂ ಸಿಗುವುದು ಕಷ್ಟ.

ಕೈಯಲ್ಲಿ ಹಿಡಿದು ನೋಡುವುದನ್ನು ಕಲಿಯಿರಿ. ಬೀನ್ಸನ್ನು ಬಗ್ಗಿಸಿದರೆ ಟಕ್ ಎಂದು ಮುರಿಯಬೇಕು, ರಬ್ಬರಿನಂತೆ ಬಾಗಬಾರದು. ಎಲೆಕೋಸಿನ ಬುಡ ತಿರುಗಿಸಿ ಕತ್ತರಿಸಿದ ಜಾಗವನ್ನು ನೋಡಿ: ಬೆಳ್ಳಗೆ ತೇವವಾಗಿದ್ದರೆ ಹೊಸದು, ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಕಿತ್ತು ಬಹಳ ದಿನಗಳಾಗಿವೆ ಎಂದರ್ಥ, ಮೇಲಿನ ಬಾಡಿದ ಎಲೆಗಳನ್ನು ತೆಗೆದು ಹೊಳೆಯುವಂತೆ ಮಾಡಿರಲೂಬಹುದು. ಬದನೆಕಾಯಿಯ ತೊಟ್ಟು ಹಸಿರಾಗಿರಬೇಕು. ಸೌತೆಕಾಯಿಯ ಎರಡೂ ತುದಿಗಳನ್ನು ಮೆಲ್ಲಗೆ ಒತ್ತಿ ನೋಡಿ, ಮೆತ್ತಗಾಗುವುದು ಅಲ್ಲಿಂದಲೇ. ಸೊಪ್ಪಿನ ಕಟ್ಟನ್ನು ಮೇಲಿನಿಂದ ನೋಡಿ ಏನೂ ತಿಳಿಯುವುದಿಲ್ಲ. ದಾರ ಕಟ್ಟಿದ ಜಾಗದಲ್ಲಿ ಬಿಡಿಸಿ ಒಳಗಿನ ಎಲೆಗಳನ್ನು ನೋಡಬೇಕು, ಏಕೆಂದರೆ ಮೇಲೆ ಸುರಿದ ನೀರು ಅಲ್ಲಿಯೇ ನಿಂತು ಕೊಳೆ ಅಲ್ಲಿಂದಲೇ ಶುರುವಾಗುತ್ತದೆ.

ಗಾತ್ರ, ಬಣ್ಣ, ಆಕಾರ ನೋಡಿ ಮಾಲನ್ನು ವಿಂಗಡಿಸುವಾಗ ಕೆಳದರ್ಜೆಗೆ ಬೀಳುವ ಸೊಟ್ಟ ಕ್ಯಾರೆಟ್, ಸಣ್ಣ ಟೊಮೆಟೊ, ಮಚ್ಚೆಯಿರುವ ಸೇಬು ಇವೆಲ್ಲ ಅಡುಗೆಗೂ ತಿನ್ನಲಿಕ್ಕೂ ಯೋಗ್ಯವೇ. ಅವುಗಳನ್ನು ಧೈರ್ಯವಾಗಿ ಕೊಳ್ಳಿ. ಸಿಪ್ಪೆ ಒಡೆದದ್ದು, ಬೂಷ್ಟು ಹಿಡಿದದ್ದು ಮಾತ್ರ ಅಗ್ಗವೆಂದು ತರಬೇಡಿ. ಸಂಜೆ ಮುಚ್ಚುವ ಹೊತ್ತಿಗೆ ಗಾಡಿಯವರು ಸೊಪ್ಪನ್ನು ಇಳಿಸಿದ ಬೆಲೆಗೆ ಕೊಡುವುದುಂಟು. ಅದು ಆ ರಾತ್ರಿಯೇ ಒಲೆಯ ಮೇಲೇರುವುದಾದರೆ ಒಳ್ಳೆಯ ವ್ಯಾಪಾರ.

ಉತ್ತರ 2

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಕಿಲೋ ಬೆಲೆಯನ್ನು ಹೋಲಿಸುವುದರಲ್ಲಿಯೇ ನಮ್ಮಲ್ಲಿ ಹೆಚ್ಚಿನವರು ಮೋಸಹೋಗುತ್ತೇವೆ ಎಂಬುದು ನನ್ನ ಅಭಿಪ್ರಾಯ. ನೋಡಬೇಕಾದದ್ದು ತಟ್ಟೆಗೆ ಬಂದ ಕಿಲೋದ ಬೆಲೆ. ಸಿಪ್ಪೆ ಸಹಿತ ಹಸಿ ಬಟಾಣಿ ಒಂದು ಕಿಲೋ ತಂದರೆ ಬಿಡಿಸಿದ ಮೇಲೆ ಸಿಗುವ ಕಾಳು ಸುಮಾರು 400 ಗ್ರಾಂ, ಹೆಚ್ಚಿನ ವೇಳೆ ಅದಕ್ಕಿಂತಲೂ ಸ್ವಲ್ಪ ಕಡಿಮೆ. ಹಾಗಾಗಿ ಹೆಪ್ಪುಗಟ್ಟಿಸಿದ ಬಿಡಿಸಿದ ಬಟಾಣಿಗೆ ಎರಡೂವರೆ ಪಟ್ಟು ಬೆಲೆಯಿದ್ದರೂ ಎರಡೂ ಸರಿಸಮ. ಬಾಳೆಹಣ್ಣಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕೂ ಸ್ವಲ್ಪ ಹೆಚ್ಚು ಸಿಪ್ಪೆಯಿರುತ್ತದೆ. ಕ್ಯಾರೆಟ್, ಟೊಮೆಟೊಗಳಲ್ಲಿ ವ್ಯರ್ಥವಾಗುವುದು ಬಹಳ ಕಡಿಮೆ. ಈ ಲೆಕ್ಕಕ್ಕೆ ನೀವು ಬುಟ್ಟಿಗೆ ಎಸೆದ ಸೊಪ್ಪನ್ನೂ ಸೇರಿಸಿದರೆ, ಅಗ್ಗವಾಗಿ ಸಿಕ್ಕಿತೆಂದು ತಂದ ದೊಡ್ಡ ಕಟ್ಟು ಅರ್ಧ ಕೊಳೆತಾಗ ಅದರ ನಿಜವಾದ ಬೆಲೆ ದುಪ್ಪಟ್ಟಾಗಿರುತ್ತದೆ.

ಎಷ್ಟು ಬೇಕು ಎಂಬುದನ್ನೂ ಒಮ್ಮೆ ಲೆಕ್ಕ ಹಾಕಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯು ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿಗಳನ್ನು ಸೂಚಿಸುತ್ತದೆ, ಆಲೂಗಡ್ಡೆಯಂತಹ ಪಿಷ್ಟದ ಗೆಡ್ಡೆಗಳು ಇದರಲ್ಲಿ ಸೇರುವುದಿಲ್ಲ. ನಾಲ್ವರಿಗೆ ವಾರಕ್ಕೆ ಸುಮಾರು 11 ಕಿಲೋ ಆಯಿತು, ಅದೂ ಸಿಪ್ಪೆ ತೆಗೆದ ಮೇಲೆ. ಇಷ್ಟನ್ನು ಒಂದೇ ದಿನ ತಂದು ಒಂದೇ ಫ್ರಿಜ್‌ನಲ್ಲಿ ತುರುಕಿದರೆ ಕೆಳಗಿನದು ನಜ್ಜುಗುಜ್ಜಾಗುವುದು ಖಂಡಿತ. ಈರುಳ್ಳಿ, ಆಲೂಗಡ್ಡೆ, ಎಲೆಕೋಸು, ಕ್ಯಾರೆಟ್, ಕುಂಬಳಕಾಯಿ, ಸೇಬು, ಕಿತ್ತಳೆಯಂತಹ ಬಾಳಿಕೆಯ ಮಾಲನ್ನು ರಜೆಯ ದಿನ ತನ್ನಿ. ಸೊಪ್ಪು, ಬೀನ್ಸ್, ಟೊಮೆಟೊ, ಬೇಗ ಕೆಡುವ ಹಣ್ಣುಗಳನ್ನು ವಾರದ ನಡುವೆ ಮನೆಗೆ ಮರಳುವ ದಾರಿಯಲ್ಲಿ ಅಂದಂದಿನ ಅಗತ್ಯಕ್ಕೆ ತಕ್ಕಷ್ಟು ಕೊಳ್ಳಿ. ನಿಮ್ಮ ತೊಂದರೆಯ ಬಹುಪಾಲು ಇಷ್ಟರಿಂದಲೇ ಬಗೆಹರಿಯುತ್ತದೆ ಎಂದು ನನಗನ್ನಿಸುತ್ತದೆ.

ಸಗಟು ಮಾರುಕಟ್ಟೆಗೆ ಒಂದು ಕುಟುಂಬ ಒಂಟಿಯಾಗಿ ಹೋಗುವುದು ಲಾಭದಾಯಕವಲ್ಲ. ಅಲ್ಲಿ ಮೂಟೆಯೋ ಕ್ರೇಟೋ ಲೆಕ್ಕದಲ್ಲಿ ಮಾಲು ಕೊಡುತ್ತಾರೆ. ಪ್ರಯಾಣದ ಖರ್ಚು, ನಿದ್ದೆಗೆಟ್ಟ ಮುಂಜಾವು, ಮುಗಿಸಲಾಗದೆ ಉಳಿದ ಮಾಲು ಎಲ್ಲವೂ ಸೇರಿದರೆ ಉಳಿತಾಯ ಕರಗಿಹೋಗುತ್ತದೆ. ನೆರೆಹೊರೆಯ ನಾಲ್ಕಾರು ಮನೆಯವರು ಸೇರಿಕೊಂಡು, ಸರದಿಯಂತೆ ಒಬ್ಬರು ಹೋಗಿ ತಂದು ಹಂಚಿಕೊಳ್ಳುವುದಾದರೆ ಮಾತು ಬೇರೆ. ಹಾಗೆ ಮಾಡುವವರು ಈರುಳ್ಳಿ, ಆಲೂಗಡ್ಡೆಗಳಿಂದ ಶುರುಮಾಡುವುದು ಕ್ಷೇಮ. ಹಂಚುವಾಗ ಒಳ್ಳೆಯದು ಯಾರಿಗೆ, ಕೆಟ್ಟದ್ದು ಯಾರಿಗೆ ಎಂಬ ಮನಸ್ತಾಪಕ್ಕೆ ಅವುಗಳಲ್ಲಿ ಎಡೆ ಕಡಿಮೆ.

ಋತುವಿನ ಮಾತನ್ನು ಎಲ್ಲರೂ ಹೇಳುತ್ತಾರೆ, ಆದರೂ ಹೇಳಲೇಬೇಕು. ಸುಗ್ಗಿಯ ಕಾಲದಲ್ಲಿ ಒಂದೇ ತರಕಾರಿ ಎಲ್ಲ ಗಾಡಿಗಳಲ್ಲೂ ರಾಶಿ ಬಿದ್ದಿದ್ದರೆ ಅದೇ ಆ ವಾರದ ಅಗ್ಗದ, ರುಚಿಯಾದ ತರಕಾರಿ. ಏನು ಅಡುಗೆ ಎಂದು ಮೊದಲೇ ತೀರ್ಮಾನಿಸಿ ಪಟ್ಟಿ ಬರೆದುಕೊಂಡು ಹೋಗುವುದರ ಬದಲು, ಗಾಡಿ ನೋಡಿ ಅಡುಗೆ ತೀರ್ಮಾನಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಾಳಿಕೆಯ ಮಾಲು ಮತ್ತು ಬೇಗ ಕೆಡುವ ಮಾಲು ಎಂದು ಎರಡಾಗಿ ವಿಂಗಡಿಸುವ ಕ್ರಮವನ್ನು ಈ ವಾರದಿಂದಲೇ ಆರಂಭಿಸುತ್ತೇವೆ. ಇನ್ನೆರಡು ಸಂದೇಹಗಳಿವೆ. ಟೊಮೆಟೊ ರುಚಿಗೆಡುವುದು ಮತ್ತು ಹಣ್ಣುಗಳೆಲ್ಲ ಒಮ್ಮೆಲೇ ಕಳಿಯುವುದು ಅಂಗಡಿಯ ದೋಷವೋ ನಾವು ಇಡುವ ರೀತಿಯ ದೋಷವೋ? ಅತ್ತೆಯವರು ಹೊರಗೆ ಹೋಗಲಾರದ ದಿನಗಳಲ್ಲಿ ಆ್ಯಪ್ ಮೂಲಕ ತರಿಸುವುದಾದರೆ ಏನನ್ನು ತರಿಸಬಹುದು?

ಉತ್ತರ 3

ಕೊಯ್ಲಿನ ನಂತರ ಹಣ್ಣು ತರಕಾರಿಗಳನ್ನು ಕಾಪಾಡುವ ವಿಷಯ ನನ್ನ ವೃತ್ತಿಗೆ ಸಂಬಂಧಿಸಿದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಗಿಡದಿಂದ ಕಿತ್ತ ಮೇಲೂ ತರಕಾರಿ ಉಸಿರಾಡುತ್ತಲೇ ಇರುತ್ತದೆ. ತನ್ನೊಳಗಿನ ಸಕ್ಕರೆಯನ್ನು ಬಳಸಿಕೊಳ್ಳುತ್ತದೆ, ನೀರನ್ನು ಕಳೆದುಕೊಳ್ಳುತ್ತದೆ. ತಂಪು ಈ ಕ್ರಿಯೆಯನ್ನು ನಿಧಾನಗೊಳಿಸುತ್ತದೆ ಎಂಬುದು ನಿಜ, ಆದರೆ ಎಲ್ಲಕ್ಕೂ ಒಂದೇ ತಂಪು ಹೊಂದುವುದಿಲ್ಲ. ಟೊಮೆಟೊ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಚ್ಚು ದಿನ ಇದ್ದರೆ ಪರಿಮಳ ಕಳೆದುಕೊಳ್ಳುತ್ತದೆ. ಬಾಳೆಹಣ್ಣಿನ ಸಿಪ್ಪೆ 13 ಡಿಗ್ರಿಗಿಂತ ಕೆಳಗೆ ಕಪ್ಪಾಗುತ್ತದೆ. ಮನೆಯ ಫ್ರಿಜ್ ಸಾಮಾನ್ಯವಾಗಿ 4 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ನಿಮ್ಮ ಟೊಮೆಟೊ ರುಚಿಗೆಡಲು ಫ್ರಿಜ್ ಕಾರಣವಾಗಿರುವ ಸಂಭವವಿದೆ, ಬಲಿಯುವ ಮೊದಲೇ ಕೊಯ್ದ ಕಾಯಿಯಾಗಿದ್ದರೂ ಹೀಗಾಗುತ್ತದೆ. ಒಂದೆರಡು ವಾರ ಹೊರಗೆ, ನೆರಳಿನಲ್ಲಿ ಇಟ್ಟು ನೋಡಿ. ವ್ಯತ್ಯಾಸ ಕಂಡರೆ ದೋಷ ಎಲ್ಲಿದೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಹಣ್ಣುಗಳ ವಿಷಯದಲ್ಲಿ ಎರಡು ಜಾತಿಗಳಿವೆ. ಬಾಳೆ, ಮಾವು, ಪಪ್ಪಾಯಿ, ಸೇಬು, ಟೊಮೆಟೊ ಮೊದಲಾದವು ಕಿತ್ತ ಮೇಲೂ ಮಾಗುತ್ತವೆ ಮತ್ತು ಮಾಗುವಾಗ ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತವೆ. ಈ ಅನಿಲವು ಪಕ್ಕದ ಹಣ್ಣನ್ನೂ ಮಾಗಿಸುತ್ತದೆ, ಸೊಪ್ಪನ್ನು ಹಳದಿಯಾಗಿಸುತ್ತದೆ. ನಿಮ್ಮ ಸೊಪ್ಪು ಬೇಗ ಹಳದಿಯಾಗುತ್ತಿದ್ದರೆ ಅದೇ ಡಬ್ಬದಲ್ಲಿ ಸೇಬು ಇದೆಯೇ ಎಂದು ಒಮ್ಮೆ ನೋಡಿ. ದ್ರಾಕ್ಷಿ, ಕಿತ್ತಳೆ, ಅನಾನಸ್, ಸ್ಟ್ರಾಬೆರಿಗಳು ಕಿತ್ತ ಮೇಲೆ ಸಿಹಿಯಾಗುವುದಿಲ್ಲ. ಮನೆಗೆ ತಂದು ಕಾಯುವುದರಿಂದ ಪ್ರಯೋಜನವಿಲ್ಲವಾದ್ದರಿಂದ ಇವುಗಳನ್ನು ತಿನ್ನಲು ಸಿದ್ಧವಾಗಿರುವಾಗಲೇ ಕೊಳ್ಳಬೇಕು. ಮೊದಲ ಜಾತಿಯವನ್ನು ಕೊಳ್ಳುವಾಗ ಒಂದೇ ಹದದವನ್ನು ಆರಿಸದೆ ಕೆಲವು ಪೂರ್ತಿ ಹಣ್ಣು, ಕೆಲವು ದೋರೆ, ಕೆಲವು ಕಾಯಿ ಹೀಗೆ ಆರಿಸಿಕೊಂಡರೆ ದಿನಕ್ಕಿಷ್ಟು ಹದಕ್ಕೆ ಬರುತ್ತವೆ. ಬೇಗ ಬೇಕಾದವನ್ನು ಕಾಗದದ ಚೀಲದೊಳಗೆ ಒಟ್ಟಿಗೆ ಇಡಿ, ಉಳಿದವನ್ನು ಗಾಳಿಯಾಡುವಂತೆ ಬಿಡಿಯಾಗಿ ಇಡಿ.

ಸೊಪ್ಪಿಗೆ ತಂಪೂ ಬೇಕು, ತೇವವಾದ ಗಾಳಿಯೂ ಬೇಕು, ಆದರೆ ಎಲೆಯ ಮೇಲೆ ನೀರು ನಿಲ್ಲಬಾರದು. ಕಟ್ಟು ಬಿಚ್ಚಿ, ಕೊಳೆತ ಎಲೆಗಳನ್ನು ಆರಿಸಿ ತೆಗೆದು, ಒಣ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಫ್ರಿಜ್‌ನ ತರಕಾರಿ ಡಬ್ಬದಲ್ಲಿಡಿ. ಎಲೆ ಸಹಿತ ಕ್ಯಾರೆಟ್, ಮೂಲಂಗಿ ತಂದರೆ ಎಲೆಗಳನ್ನು ಕೂಡಲೇ ಕತ್ತರಿಸಿ ಬೇರೆ ಇಡಬೇಕು, ಇಲ್ಲದಿದ್ದರೆ ಅವು ಗೆಡ್ಡೆಯ ನೀರನ್ನೆಲ್ಲ ಎಳೆದುಕೊಳ್ಳುತ್ತವೆ. ಆಲೂಗಡ್ಡೆಗೆ ಕತ್ತಲೆ ಅಗತ್ಯ. ಬೆಳಕಿಗೆ ಬಿದ್ದು ಹಸಿರಾದ ಭಾಗದಲ್ಲಿ ಸೋಲನೈನ್ ಎಂಬ ವಿಷವಸ್ತು ಹೆಚ್ಚಿರುವುದರಿಂದ ಆ ಭಾಗವನ್ನು ತಿನ್ನಬಾರದು.

ಆ್ಯಪ್‌ಗಳಲ್ಲಿ ಕೈಯಿಂದ ಆರಿಸುವ ಅವಕಾಶವಿಲ್ಲ, ಇದೇ ಅವುಗಳ ದೊಡ್ಡ ಕೊರತೆ. ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು, ಸೇಬುಗಳನ್ನು ತರಿಸಬಹುದು. ಹೆಪ್ಪುಗಟ್ಟಿಸಿದ ತರಕಾರಿಗಳನ್ನೂ ಕೀಳಾಗಿ ಕಾಣಬೇಡಿ: ಕೊಯ್ದ ಕೆಲವೇ ಗಂಟೆಗಳಲ್ಲಿ ಬಿಸಿನೀರಿನಲ್ಲಿ ಅದ್ದಿ ಹೆಪ್ಪುಗಟ್ಟಿಸುವುದು ಸಾಮಾನ್ಯ ಕ್ರಮ. ಬಿಸಿನೀರಿನಲ್ಲಿ ಸ್ವಲ್ಪ ಸಿ ಜೀವಸತ್ವ ನಷ್ಟವಾದರೂ, ಅನೇಕ ದಿನ ಅಂಗಡಿಯಲ್ಲೂ ಫ್ರಿಜ್‌ನಲ್ಲೂ ಕಳೆದ ಸೊಪ್ಪಿಗಿಂತ ಅವುಗಳಲ್ಲಿ ಹೆಚ್ಚು ಉಳಿದಿರಬಹುದು. ತಂದವರು ಬಾಗಿಲಲ್ಲಿರುವಾಗಲೇ ಚೀಲ ಬಿಚ್ಚಿ ನೋಡುವ ಅಭ್ಯಾಸವನ್ನು ಅತ್ತೆಯವರಿಗೆ ತಿಳಿಸಿಕೊಡಿ.

ಉತ್ತರ 4

ಒಂದು ಚಿಕ್ಕ ಸೇರ್ಪಡೆ. ತಂದ ಕೂಡಲೇ ಎಲ್ಲವನ್ನೂ ತೊಳೆದು ಇಡುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನು ಬಿಡುವುದು ಒಳ್ಳೆಯದು, ಏಕೆಂದರೆ ಒರೆಸದೆ ಉಳಿದ ತೇವವೇ ಬೂಷ್ಟಿಗೆ ದಾರಿ. ಬಳಸುವ ಮುಂಚೆ ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದರೆ ಸಾಕು. ಸೋಪು, ಪಾತ್ರೆ ತೊಳೆಯುವ ದ್ರಾವಣ ಬೇಡ, ಹಣ್ಣು ತರಕಾರಿಗಳ ಮೇಲ್ಮೈ ಅದನ್ನು ಹೀರಿಕೊಳ್ಳಬಲ್ಲದು. ಸಿಪ್ಪೆ ತೆಗೆಯುವ ಹಣ್ಣಾದರೂ ಮೊದಲು ತೊಳೆಯಿರಿ, ಇಲ್ಲವಾದರೆ ಹೊರಗಿನ ಕೊಳೆ ಚಾಕುವಿನ ಜೊತೆ ಒಳಗೆ ಹೋಗುತ್ತದೆ. ಅಂಗಡಿಯಲ್ಲಿ ಹೆಚ್ಚಿಟ್ಟ ಹಣ್ಣು, ತರಕಾರಿಗಳಿಗೆ ಬೆಲೆ ಹೆಚ್ಚು, ಬಾಳಿಕೆ ಕಡಿಮೆ. ಹೊತ್ತಿಲ್ಲದ ದಿನಕ್ಕೆ ಅವು ಬೇಕೆನಿಸಿದರೆ ತಂಪು ಪೆಟ್ಟಿಗೆಯಲ್ಲಿ ಇಟ್ಟಿರುವುದನ್ನೇ ಕೊಂಡು ಆ ದಿನವೇ ಮುಗಿಸಿ.