ಗುರಾಣಿ ಹಿಡಿದು ಆಡುವವರಿಗೆ ಎಲ್ಡನ್ ರಿಂಗ್‌ನಲ್ಲಿ ನ್ಯಾಯವಿದೆಯೇ?

ಹೇಮಾವತಿ_ತೀರ (ಹಾಸನ)

ಎಲ್ಲರಿಗೂ ನಮಸ್ಕಾರ. ಎಲ್ಡನ್ ರಿಂಗ್ ಆಟದಲ್ಲಿ ಆಯುಧ ಮತ್ತು ಗುರಾಣಿಗಳ ನಡುವಿನ ಸಮತೋಲನದ ಬಗ್ಗೆ ಬಲ್ಲವರ ಅಭಿಪ್ರಾಯ ಕೇಳಬೇಕೆಂದು ಬರೆಯುತ್ತಿದ್ದೇನೆ. 2011ರಲ್ಲಿ ಬಂದ ಡಾರ್ಕ್ ಸೋಲ್ಸ್‌ನಿಂದಲೂ ನಾನು ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಗುರಾಣಿ ಹಿಡಿದೇ ಆಡುತ್ತ ಬಂದವನು. ಆ ಆಟದಲ್ಲಿ ಭೌತಿಕ ಪೆಟ್ಟನ್ನು ಪೂರ್ತಿಯಾಗಿ ತಡೆಯುವ ಹೀಟರ್ ಶೀಲ್ಡ್ ಆರಂಭದ ವ್ಯಾಪಾರಿಯ ಬಳಿಯೇ ಸಿಗುತ್ತಿತ್ತು. ಅದನ್ನು ಎತ್ತಿ ಹಿಡಿದು, ಶತ್ರುವಿನ ಹೊಡೆತಗಳ ಸಾಲು ಮುಗಿಯುವವರೆಗೆ ಕಾದು, ನಂತರ ಒಂದೆರಡು ಪೆಟ್ಟು ಕೊಟ್ಟು ಹಿಂದೆ ಸರಿಯುವುದು ನನಗೆ ಒಗ್ಗಿದ ಕ್ರಮ.

ಎಲ್ಡನ್ ರಿಂಗ್‌ನಲ್ಲಿಯೂ ಅದೇ ಕ್ರಮದಲ್ಲಿ ಲಾಂಗ್‌ಸ್ವೋರ್ಡ್ ಮತ್ತು ಬ್ರಾಸ್ ಶೀಲ್ಡ್ ಹಿಡಿದು ಬಹಳ ದೂರ ಬಂದಿದ್ದೇನೆ. ಆರಂಭದ ಬಾಸ್ (ಪ್ರಬಲ ಮುಖ್ಯ ಶತ್ರು) ಮಾರ್ಗಿಟ್‌ನ ತಡವಾಗಿ ಇಳಿಯುವ ಕೋಲಿನ ಹೊಡೆತಗಳನ್ನು ಗುರಾಣಿಯಿಂದ ಎದುರಿಸುವುದು ರೋಲ್ ಮಾಡಿ, ಅಂದರೆ ಉರುಳಿ, ತಪ್ಪಿಸಿಕೊಳ್ಳುವುದಕ್ಕಿಂತ ನನಗೆ ಸುಲಭವೆನಿಸಿತು. ಆದರೆ ಕೊನೆಯ ಭಾಗದ ಬಾಸ್ ಮಲೇನಿಯಾಳ ಎದುರು ಈ ಕ್ರಮ ಸಂಪೂರ್ಣವಾಗಿ ನಿಂತುಹೋಗಿದೆ. ಅವಳ ಕತ್ತಿ ನನ್ನ ಗುರಾಣಿಗೆ ತಗುಲಿದರೂ ಅವಳ ಪ್ರಾಣ ಮರಳಿ ತುಂಬಿಕೊಳ್ಳುತ್ತದೆ. ನನಗೆ ಒಂದಿಷ್ಟೂ ಗಾಯವಾಗದಿದ್ದಾಗಲೂ ಅವಳಿಗೆ ಲಾಭವಾಗುತ್ತದೆ ಎಂದರೆ, ಸರಿಯಾದ ಸಮಯಕ್ಕೆ ತಡೆದದ್ದಕ್ಕೆ ಆಟವು ದಂಡ ಹಾಕಿದಂತಾಗುವುದಿಲ್ಲವೇ?

ಹಾಸನದಲ್ಲಿ ನನ್ನ ಜೊತೆ ಆಡುವ ಗೆಳೆಯರು, ಗುರಾಣಿ ಬಿಟ್ಟು ಎರಡೂ ಕೈಯಲ್ಲಿ ದೊಡ್ಡ ಕತ್ತಿ ಹಿಡಿದರೆ ಮಾತ್ರ ಈ ಆಟ ಆಡಿದಂತೆ ಎನ್ನುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಆಟದೊಳಗೆ ಇಟ್ಟಿರುವ ಉಪಕರಣವನ್ನು ಬಳಸುವುದು ಆಟಗಾರನ ಹಕ್ಕು. ಆದರೂ ನಿರ್ಮಾತೃಗಳೇ ಗುರಾಣಿಯನ್ನು ಆರಂಭದ ಆಟಗಾರರ ಊರುಗೋಲೆಂದು ಬಗೆದು, ಕೊನೆಯ ಭಾಗದಲ್ಲಿ ಬೇಕೆಂದೇ ಕಿತ್ತುಕೊಂಡಿದ್ದಾರೆಯೇ ಎಂಬ ಸಂಶಯ ಬಂದಿದೆ. ದಯವಿಟ್ಟು ತಿಳಿಸಿ.

ಮುಳ್ಳಯ್ಯನಗಿರಿ (ಚಿಕ್ಕಮಗಳೂರು)

ಹೇಮಾವತಿ_ತೀರ ಅವರೇ, ನಿಮ್ಮ ಪ್ರಶ್ನೆಯ ಮೊದಲ ಅರ್ಧಕ್ಕೆ ವಿವರವಾಗಿ ಉತ್ತರಿಸುತ್ತೇನೆ, ಏಕೆಂದರೆ ಎರಡನೆಯ ಅರ್ಧದ ಉತ್ತರವೂ ಅದರೊಳಗೇ ಇದೆ ಎಂದು ನನ್ನ ನಂಬಿಕೆ.

ಈ ಆಟಗಳಲ್ಲಿ ಗುರಾಣಿಯು ಪೆಟ್ಟನ್ನು ಇಲ್ಲವಾಗಿಸುವುದಿಲ್ಲ. ಪ್ರಾಣದಿಂದ ಕಳೆಯಬೇಕಾದದ್ದನ್ನು ಸ್ಟ್ಯಾಮಿನಾದಿಂದ, ಅಂದರೆ ದಮ್ಮಿನಿಂದ, ಕಳೆಯುವಂತೆ ಮಾಡುತ್ತದೆ. ಆದ್ದರಿಂದ ಯಾವುದೇ ಗುರಾಣಿಯನ್ನು ನೋಡುವಾಗ ಎರಡು ಅಂಕಿಗಳನ್ನು ಬೇರೆಬೇರೆಯಾಗಿ ಓದಬೇಕು. ಒಂದು, ಯಾವ ಬಗೆಯ ಹಾನಿಯನ್ನು ಶೇಕಡಾ ಎಷ್ಟು ತಡೆಯುತ್ತದೆ ಎಂಬುದು. ಇನ್ನೊಂದು, ಗಾರ್ಡ್ ಬೂಸ್ಟ್, ಅಂದರೆ ತಡೆದ ಪ್ರತಿ ಪೆಟ್ಟಿಗೆ ಸ್ಟ್ಯಾಮಿನಾ ಎಷ್ಟು ಉಳಿಯುತ್ತದೆ ಎಂಬುದು. ಹೊಸಬರಲ್ಲಿ ಹೆಚ್ಚಿನವರು ಮೊದಲನೆಯ ಅಂಕಿ 100 ಇದೆಯೇ ಎಂದು ನೋಡಿ ನಿಲ್ಲುತ್ತಾರೆ. ನಿಮ್ಮ ಬ್ರಾಸ್ ಶೀಲ್ಡ್ ಭೌತಿಕ ಹಾನಿಯನ್ನು ಪೂರ್ತಿ ತಡೆಯುತ್ತದೆ, ತೂಕ ಕೇವಲ 7, ಕೇಳುವ ಸ್ಟ್ರೆಂತ್ (ಪಾತ್ರದ ಬಲದ ಅಂಕ) 16. ಮಧ್ಯಮ ಗಾತ್ರದ ಗುರಾಣಿಗಳಲ್ಲಿ ಅದು ನಿಜಕ್ಕೂ ಉತ್ತಮ ಆಯ್ಕೆ. ಆದರೆ ಅದರ ಗಾರ್ಡ್ ಬೂಸ್ಟ್ ಆರಂಭದಲ್ಲಿ 56. ಕೊನೆಯ ಭಾಗದ ಬಾಸ್‌ಗಳು ಒಂದೇ ಉಸಿರಿಗೆ ಕೊಡುವ ಐದಾರು ಭಾರಿ ಹೊಡೆತಗಳಿಗೆ ಅದು ಸಾಲುವುದಿಲ್ಲ. ಸ್ಮಿತಿಂಗ್ ಸ್ಟೋನ್ ಹಾಕಿ ಗುರಾಣಿಯ ಮಟ್ಟ ಏರಿಸಿದರೆ ಗಾರ್ಡ್ ಬೂಸ್ಟ್ ಏರುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಕತ್ತಿಯನ್ನು ಮೇಲಕ್ಕೆ ಏರಿಸಿಕೊಂಡು ಗುರಾಣಿಯನ್ನು ಸಿಕ್ಕ ಸ್ಥಿತಿಯಲ್ಲೇ ಬಿಟ್ಟು, ನಂತರ ಗುರಾಣಿ ಕೆಲಸಕ್ಕೆ ಬಾರದು ಎನ್ನುವವರನ್ನು ನಾನು ಸಾಕಷ್ಟು ಕಂಡಿದ್ದೇನೆ. ನಿಮ್ಮ ಗುರಾಣಿ ಈಗ ಯಾವ ಮಟ್ಟದಲ್ಲಿದೆ ಎಂದು ಮೊದಲು ನೋಡಿ.

ಇನ್ನೊಂದು ಮುಖ್ಯ ಸಂಗತಿ. ಗುರಾಣಿಯನ್ನು ಎತ್ತಿಯೇ ಇಟ್ಟಿದ್ದರೆ ಸ್ಟ್ಯಾಮಿನಾ ಮರಳಿ ತುಂಬುವ ವೇಗ ಬಹಳ ಕುಗ್ಗುತ್ತದೆ. ಶತ್ರು ಹಿಂದೆ ಸರಿದ ಕ್ಷಣದಲ್ಲೇ ಗುರಾಣಿ ಇಳಿಸಿ, ಅವನ ಭುಜ ಅಲುಗಿದಾಗ ಮತ್ತೆ ಎತ್ತುವ ಅಭ್ಯಾಸವಿಲ್ಲದಿದ್ದರೆ ಸ್ಟ್ಯಾಮಿನಾ ಹೆಚ್ಚಿಸುವ ಎಂಡ್ಯುರೆನ್ಸ್ ಅಂಕ ಎಷ್ಟು ಹಾಕಿದರೂ ಕೊನೆಗೆ ರಕ್ಷಣೆ ಒಡೆದು, ಶತ್ರುವಿನ ನಿರ್ಣಾಯಕ ಹೊಡೆತಕ್ಕೆ ಎದೆಯೊಡ್ಡಬೇಕಾಗುತ್ತದೆ. ಹೀಗಾಗಿ ಗುರಾಣಿಯ ಆಟವನ್ನು ನಿಷ್ಕ್ರಿಯವಾದ ಆಟವೆಂದು ಕರೆಯುವುದು ಸರಿಯಲ್ಲ. ರೋಲ್ ಮಾಡುವವನು ಹೇಗೆ ಕ್ಷಣವನ್ನು ಗುರುತಿಸಬೇಕೋ ಹಾಗೆಯೇ ಗುರಾಣಿ ಹಿಡಿದವನೂ ಗುರುತಿಸಬೇಕು. ಒಬ್ಬನು ಪೆಟ್ಟು ಬೀಳುವ ಕ್ಷಣವನ್ನು, ಇನ್ನೊಬ್ಬನು ಪೆಟ್ಟು ಬೀಳದ ಕ್ಷಣವನ್ನು.

ಎಲ್ಡನ್ ರಿಂಗ್ ಈ ಲೆಕ್ಕಕ್ಕೆ ಸೇರಿಸಿದ ಹೊಸ ಸಂಗತಿ ಗಾರ್ಡ್ ಕೌಂಟರ್. ಪೆಟ್ಟನ್ನು ತಡೆದ ಕೂಡಲೇ ಬಲವಾದ ಹೊಡೆತದ ಗುಂಡಿ ಒತ್ತಿದರೆ ಬರುವ ಆ ಪ್ರತ್ಯುತ್ತರ ಶತ್ರುವಿನ ನಿಲುವನ್ನು ಬಹಳ ಬೇಗ ಮುರಿಯುತ್ತದೆ. ನಿಲುವು ಮುರಿದರೆ ಮಂಡಿಯೂರಿದ ಶತ್ರುವಿನ ಮೇಲೆ ನಿರ್ಣಾಯಕ ಹೊಡೆತಕ್ಕೆ ಅವಕಾಶ ಸಿಗುತ್ತದೆ. ನಿಮ್ಮ ಬರಹದಲ್ಲಿ "ಸಾಲು ಮುಗಿಯುವವರೆಗೆ ಕಾದು" ಎಂದಿದ್ದೀರಿ. ಅದು ಡಾರ್ಕ್ ಸೋಲ್ಸ್‌ನ ಕ್ರಮ. ಇಲ್ಲಿ ಸಾಲಿನ ಕೊನೆಯ ಪೆಟ್ಟನ್ನು ಬೇಕೆಂದೇ ಗುರಾಣಿಯ ಮೇಲೆ ತೆಗೆದುಕೊಂಡು ಅದನ್ನೇ ದಾಳಿಯ ಆರಂಭವಾಗಿ ಬಳಸಬೇಕು. ಇಂತಹ ಸೌಲಭ್ಯವನ್ನು ಇಟ್ಟ ನಿರ್ಮಾತೃಗಳು ಗುರಾಣಿಯನ್ನು ಊರುಗೋಲೆಂದು ಬಗೆದಿದ್ದಾರೆ ಎಂದು ನಾನು ನಂಬಲಾರೆ.

ಯಗಚಿ_ದಡ (ಬೇಲೂರು)

ಮುಳ್ಳಯ್ಯನಗಿರಿಯವರ ವಿವರಣೆ ಸ್ಪಷ್ಟವಾಗಿದೆ. ಆದರೆ ಸಮತೋಲನದ ವಿಷಯದಲ್ಲಿ ನನ್ನದು ಬೇರೆ ಮಾತು.

ಈ ಆಟದಲ್ಲಿ ಗುರಾಣಿ ದುರ್ಬಲವಾಗಿದೆ ಎಂಬ ದೂರಿಗಿಂತ, ಒಂದು ಬಗೆಯ ಗುರಾಣಿ ಅತಿಯಾಗಿ ಬಲಿಷ್ಠವಾಗಿದೆ ಎಂಬ ದೂರೇ ಹೆಚ್ಚು ನ್ಯಾಯವಾದದ್ದು. ಈಟಿ ಅಥವಾ ಚುಚ್ಚುವ ಕತ್ತಿ ಹಿಡಿದವನು ಗುರಾಣಿಯನ್ನು ಇಳಿಸದೆಯೇ ಅದರ ಹಿಂದಿನಿಂದ ಚುಚ್ಚಬಲ್ಲ. ಇದಕ್ಕೆ ಫಿಂಗರ್‌ಪ್ರಿಂಟ್ ಸ್ಟೋನ್ ಶೀಲ್ಡ್‌ನಂತಹ ಮಹಾಗುರಾಣಿಯನ್ನು ಜೋಡಿಸಿ, ಆಯುಧದಲ್ಲಿ ರಕ್ತಸ್ರಾವ ಅಥವಾ ಸ್ಕಾರ್ಲೆಟ್ ರಾಟ್ (ಪ್ರಾಣವನ್ನು ನಿಧಾನವಾಗಿ ಕರಗಿಸುವ ಕೊಳೆತ) ಇಟ್ಟರೆ, ಬಾಸ್‌ನ ಚಲನೆಯನ್ನು ಓದುವ ಅಗತ್ಯವೇ ಬಹುಪಾಲು ಇಲ್ಲವಾಗುತ್ತದೆ. 2024ರ ಜೂನ್‌ನಲ್ಲಿ ಬಂದ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ವಿಸ್ತರಣೆಯ ಕೊನೆಯ ಬಾಸ್ ರಾಡಾನ್‌ನ ಎದುರು ಸೋತು ಬೇಸತ್ತವರಲ್ಲಿ ಎಷ್ಟೋ ಮಂದಿ ಕೊನೆಗೆ ಹಿಡಿದದ್ದು ಮಹಾಗುರಾಣಿ ಮತ್ತು ಆಂಟ್‌ಸ್ಪರ್ ರೇಪಿಯರ್ ಎಂಬ ಚುಚ್ಚುವ ಕತ್ತಿಯ ಜೋಡಿಯನ್ನೇ. ಆ ಬಾಸ್‌ನ ಕೆಲವು ದಾಳಿಗಳನ್ನು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 1.14 ಪ್ಯಾಚ್ (ಆಟಕ್ಕೆ ಬರುವ ತಿದ್ದುಪಡಿ) ಮೂಲಕ ಸಡಿಲಿಸಬೇಕಾಯಿತು. ಉಳಿದ ಆಯುಧಗಳೆಲ್ಲ ಬೆವರು ಸುರಿಸುವಲ್ಲಿ ಒಂದು ಜೋಡಿ ಮಾತ್ರ ನೆಟ್ಟಗೆ ನಡೆದುಹೋಗುತ್ತದೆ ಎಂದರೆ ಅದನ್ನು ಸಮತೋಲನ ಎನ್ನಲಾಗದು.

ಈ ಹಿನ್ನೆಲೆಯಲ್ಲಿ ಮಲೇನಿಯಾಳ ಗುಣ ನನಗೆ ಅರ್ಥವಾಗುತ್ತದೆ. ಗೋಡೆಯ ಹಿಂದೆ ನಿಂತು ಗೆಲ್ಲುವ ಕ್ರಮಕ್ಕೆ ಆಟವಿಡೀ ಬೆಲೆ ಕಟ್ಟದ ನಿರ್ಮಾತೃಗಳು ಒಬ್ಬಳ ಬಳಿ ಮಾತ್ರ ಆ ಬೆಲೆಯನ್ನು ವಸೂಲು ಮಾಡಿದ್ದಾರೆ. ಉದ್ದೇಶ ಸರಿ, ಆದರೆ ಉಪಾಯ ಒರಟು. ಮಹಾಗುರಾಣಿಯ ಹಿಂದೆ ಕುಳಿತವನಿಗೂ, ಗಾರ್ಡ್ ಕೌಂಟರ್‌ಗಾಗಿ ಎಚ್ಚರದಿಂದ ಒಂದೇ ಪೆಟ್ಟನ್ನು ತಡೆಯುವ ನಿಮ್ಮಂಥವರಿಗೂ ಅದು ಒಂದೇ ದಂಡ ಹಾಕುತ್ತದೆ. ಕಷ್ಟದ ಆಟವಾಗಿರುವುದು ತಪ್ಪಲ್ಲ. ಬೇರೆಬೇರೆ ತಪ್ಪುಗಳಿಗೂ, ತಪ್ಪೇ ಅಲ್ಲದ್ದಕ್ಕೂ ಒಂದೇ ಶಿಕ್ಷೆ ಕೊಡುವುದು ವಿನ್ಯಾಸದ ಕೊರತೆ ಎಂದು ನಾನು ದೃಢವಾಗಿ ಹೇಳುತ್ತೇನೆ.

ಪ್ರಾಸಂಗಿಕವಾಗಿ ಒಂದು ಮಾತು. ನಮ್ಮ ಸೀಮೆಯ ವೀರಗಲ್ಲುಗಳಲ್ಲಿ ಕತ್ತಿ ಗುರಾಣಿ ಹಿಡಿದ ವೀರನನ್ನು ಕೆತ್ತಿರುವಲ್ಲೆಲ್ಲ ಅವನು ಮುನ್ನುಗ್ಗುವ ಭಂಗಿಯಲ್ಲಿರುವುದನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ. ಗುರಾಣಿಯೆಂದರೆ ಅಡಗುವ ಸಾಧನ ಎಂಬ ನಿಮ್ಮ ಗೆಳೆಯರ ಎಣಿಕೆಯನ್ನು ಆ ಶಿಲ್ಪಿಗಳು ಒಪ್ಪುತ್ತಿರಲಿಲ್ಲ.

ಚಾರ್ಮಾಡಿ_ಮಂಜು (ಮೂಡಿಗೆರೆ)

ನಾನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಮಳೆ ಜೋರಾಗಿದೆ, ಕರೆಂಟು ಯಾವಾಗ ಹೋಗುವುದೋ ತಿಳಿಯದು.

ಈ ಆಟಗಳ ನಿರ್ಮಾಣ ಸಂಸ್ಥೆಯಾದ ಫ್ರಮ್‌ಸಾಫ್ಟ್‌ವೇರ್ ಗುರಾಣಿಯ ಪ್ರಶ್ನೆಯನ್ನು ಪ್ರತಿ ಆಟದಲ್ಲಿಯೂ ಹೊಸದಾಗಿ ಬಿಡಿಸಲು ಯತ್ನಿಸಿದೆ ಎಂಬುದನ್ನು ಗಮನಿಸಬೇಕು. 2015ರ ಬ್ಲಡ್‌ಬೋರ್ನ್‌ನಲ್ಲಿ ಗುರಾಣಿಯನ್ನು ಬಹುತೇಕ ತೆಗೆದೇ ಹಾಕಿದರು. ಮೂಲ ಆಟದಲ್ಲಿದ್ದ ಒಂದೇ ಒಂದು ಮರದ ಗುರಾಣಿಯ ವಿವರಣೆಯಲ್ಲಿಯೂ ಅದು ಆಟಗಾರನನ್ನು ಜಡನನ್ನಾಗಿಸಬಾರದು ಎಂಬ ಅರ್ಥದ ಎಚ್ಚರಿಕೆ ಇತ್ತು. 2019ರ ಸೆಕಿರೊದಲ್ಲಿ ಗುರಾಣಿಯೇ ಇಲ್ಲದಿದ್ದರೂ ಇಡೀ ಆಟ ತಡೆಯುವುದರ ಮೇಲೆಯೇ ನಿಂತಿತು. ಸರಿಯಾದ ಕ್ಷಣಕ್ಕೆ ಕತ್ತಿ ಅಡ್ಡ ಹಿಡಿದರೆ ಶತ್ರುವಿನ ನಿಲುವೇ ಕುಸಿಯುತ್ತಿತ್ತು. ಎಲ್ಡನ್ ರಿಂಗ್‌ನ ಗಾರ್ಡ್ ಕೌಂಟರ್ ಈ ಎರಡು ಪ್ರಯೋಗಗಳ ನಂತರ ಹುಟ್ಟಿದ್ದು. ವಿಸ್ತರಣೆಯಲ್ಲಿ ಬಂದ ಡಿಫ್ಲೆಕ್ಟಿಂಗ್ ಹಾರ್ಡ್‌ಟಿಯರ್ ಎಂಬ ಮದ್ದು ಸೆಕಿರೊಗೆ ಇನ್ನೂ ಹತ್ತಿರವಾಗಿದೆ. ಅದನ್ನು ಫ್ಲಾಸ್ಕ್‌ನಲ್ಲಿ ಬೆರೆಸಿ ಕುಡಿದರೆ, ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ತಡೆದವನಿಗೆ ಹೆಚ್ಚಿನ ರಕ್ಷಣೆಯೂ ಮೊದಲಿಗಿಂತ ಬಲವಾದ ಗಾರ್ಡ್ ಕೌಂಟರ್ ಕೂಡ ಸಿಗುತ್ತವೆ. ಯಗಚಿ_ದಡ ಅವರು ಬಯಸುವ ವ್ಯತ್ಯಾಸ, ಅಂದರೆ ಎಚ್ಚರದಿಂದ ತಡೆಯುವವನಿಗೂ ಸುಮ್ಮನೆ ಎತ್ತಿ ಹಿಡಿದವನಿಗೂ ನಡುವಿನ ಅಂತರ, ಅಲ್ಲಿದೆ. ಅದನ್ನು ಮೂಲ ಆಟದಲ್ಲೇ ಇಡಬೇಕಿತ್ತು ಎಂಬುದು ನನ್ನ ಬಲವಾದ ಅಭಿಪ್ರಾಯ.

ಪ್ಯಾಚ್‌ಗಳ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಆಟ 2022ರ ಫೆಬ್ರವರಿ 25ರಂದು ಬಿಡುಗಡೆಯಾದಾಗ ಬೃಹತ್ ಆಯುಧಗಳು ಬಹಳ ನಿಧಾನವಾಗಿದ್ದವು. ಏಪ್ರಿಲ್‌ನ 1.04 ಪ್ಯಾಚ್‌ನಲ್ಲಿ ಅವುಗಳ ವೇಗ ಹೆಚ್ಚಿಸಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ಬಂದ 1.07ರ ನಂತರ ಆಟಗಾರರ ನಡುವಿನ ಕಾಳಗದ ಹಾನಿಯ ಲೆಕ್ಕವನ್ನು ಒಂಟಿ ಆಟದ ಲೆಕ್ಕದಿಂದ ಪ್ರತ್ಯೇಕವಾಗಿ ತಿದ್ದಲು ಸಾಧ್ಯವಾಯಿತು. ಅದಕ್ಕೆ ಮುಂಚೆ, ಯಾರೋ ಕಾಳಗದಲ್ಲಿ ಒಂದು ಆಯುಧವನ್ನು ಅತಿಯಾಗಿ ಬಳಸಿದರೆಂದು ಅದನ್ನು ತಗ್ಗಿಸಿದರೆ, ಮನೆಯಲ್ಲಿ ಒಬ್ಬರೇ ಬಾಸ್ ಎದುರಿಸುವವರ ಕೈಯಲ್ಲೂ ಅದು ಮಂಕಾಗುತ್ತಿತ್ತು. ಇಂದಿನ ಸಮತೋಲನವನ್ನು ಅಳೆಯುವಾಗ ಹಳೆಯ ವಿಡಿಯೊಗಳನ್ನು ನೆಚ್ಚಬೇಡಿ.

ಹೇಮಾವತಿ_ತೀರ (ಹಾಸನ)

ಮೂವರಿಗೂ ಕೃತಜ್ಞತೆಗಳು. ಗುರಾಣಿಯನ್ನು +8ರವರೆಗೆ ಮಾತ್ರ ಏರಿಸಿದ್ದೇನೆ, ಕತ್ತಿ +22 ಇದೆ. ಗುರಾಣಿಗೆ ಕಲ್ಲು ಹಾಕುವುದನ್ನು ಇಂದೇ ಆರಂಭಿಸುತ್ತೇನೆ.

ಯಗಚಿ_ದಡ ಅವರು ಹೇಳಿದ ಮಹಾಗುರಾಣಿ ಮತ್ತು ಈಟಿಯ ದಾರಿಯನ್ನು ನಾನು ಹಿಡಿಯುವುದಿಲ್ಲ. ಹಾಗೆ ಗೆದ್ದರೆ ಮಲೇನಿಯಾಳ ಕಾಳಗದ ಅಂದವನ್ನು ನೋಡದೆ ಹೋದಂತಾಗುತ್ತದೆ. ಆದರೆ ಇನ್ನೊಂದು ಪ್ರಶ್ನೆ ಉಳಿದಿದೆ. ಅವಳ ಎದುರು ಮಾತ್ರ ಗುರಾಣಿಯನ್ನು ಬೆನ್ನಿಗೆ ಹಾಕಿ, ಭಾರವಾದ ಆಯುಧವನ್ನು ಎರಡೂ ಕೈಯಲ್ಲಿ ಹಿಡಿಯುವುದಾದರೆ, ನನ್ನ ಅಂಕಗಳನ್ನು ಮತ್ತೆ ಹಂಚಬೇಕಾಗುತ್ತದೆಯೇ? ಸ್ಟ್ರೆಂತ್ ಈಗ 30 ಇದೆ.

ಮುಳ್ಳಯ್ಯನಗಿರಿ (ಚಿಕ್ಕಮಗಳೂರು)

ಮರುಹಂಚಿಕೆ ಬೇಡ. ಆಯುಧವನ್ನು ಎರಡೂ ಕೈಯಲ್ಲಿ ಹಿಡಿದಾಗ ಸ್ಟ್ರೆಂತ್ ಒಂದೂವರೆ ಪಟ್ಟು ಎಂದು ಪರಿಗಣಿತವಾಗುತ್ತದೆ, ಆದ್ದರಿಂದ ನಿಮ್ಮ 30 ಅಲ್ಲಿ 45 ಆಗುತ್ತದೆ. ಮಹಾಗುರಾಣಿಯ ದಾರಿ ನಿಮಗೆ ಒಗ್ಗದು ಎಂಬುದಕ್ಕೆ ಇನ್ನೊಂದು ಕಾರಣವೂ ಇಲ್ಲಿಯೇ ಇದೆ. ಫಿಂಗರ್‌ಪ್ರಿಂಟ್ ಸ್ಟೋನ್ ಶೀಲ್ಡ್ 48 ಸ್ಟ್ರೆಂತ್ ಕೇಳುತ್ತದೆ, ಅದರ ತೂಕ 29. ಒಂದು ಕೈಯಲ್ಲಿ ಹಿಡಿಯುವ ಗುರಾಣಿಗೆ ಒಂದೂವರೆ ಪಟ್ಟಿನ ನೆರವು ಸಿಗುವುದಿಲ್ಲ.

ಮಲೇನಿಯಾ ಭಾರವಾದ ಹೊಡೆತಗಳಿಗೆ ಉಳಿದ ದೊಡ್ಡ ಬಾಸ್‌ಗಳಿಗಿಂತ ಸುಲಭವಾಗಿ ಕದಲುತ್ತಾಳೆ. ಹಿಮಕ್ಕೂ ರಕ್ತಸ್ರಾವಕ್ಕೂ ಬಗ್ಗುತ್ತಾಳೆ. ಹೀಗಾಗಿ ಗ್ರೇಟ್‌ಸ್ವೋರ್ಡ್‌ನಂತಹ ಬೃಹತ್ ಕತ್ತಿಯ ಜಿಗಿತದ ಹೊಡೆತಗಳು ಅವಳು ತುಂಬಿಕೊಳ್ಳುವ ಪ್ರಾಣಕ್ಕಿಂತ ಹೆಚ್ಚನ್ನು ಕಸಿದುಕೊಳ್ಳುತ್ತವೆ. ಒಟ್ಟು ತೂಕ ಮಾತ್ರ ಹೊರುವ ಮಿತಿಯಾದ ಎಕ್ವಿಪ್ ಲೋಡ್‌ನ ಶೇಕಡಾ 70ರ ಒಳಗಿರಲಿ. ಅದನ್ನು ದಾಟಿದರೆ ರೋಲ್ ಭಾರವಾಗಿ, ಅವಳ ವಾಟರ್‌ಫೌಲ್ ಎಂಬ ಹಲವು ಸುತ್ತುಗಳ ದಾಳಿಯ ಮೊದಲ ಸುತ್ತಿನಲ್ಲೇ ಸಿಕ್ಕಿಬೀಳುತ್ತೀರಿ. ತೂಕ ಮೀರುವುದಾದರೆ ಗ್ರೇಟ್-ಜಾರ್ಸ್ ಆರ್ಸೆನಲ್ ತಾಲಿಸ್ಮನ್ ಹಾಕಿಕೊಳ್ಳಿ, ಅದು ಹೊರುವ ಮಿತಿಯನ್ನು ಶೇಕಡಾ 19ರಷ್ಟು ಏರಿಸುತ್ತದೆ. ಬ್ರಾಸ್ ಶೀಲ್ಡನ್ನು ಎಡಗೈಯ ಜಾಗದಿಂದ ತೆಗೆಯಬೇಡಿ. ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರೂ ವಾಟರ್‌ಫೌಲ್‌ನಿಂದ ತಪ್ಪಿಸಿಕೊಳ್ಳಲಾಗದ ಹೊತ್ತಿನಲ್ಲಿ ಗುರಾಣಿಗೆ ಮರಳಿ, ಮೊದಲ ಸುತ್ತನ್ನು ತಡೆದು, ಉಳಿದದ್ದರಿಂದ ಓಡಿ ಪಾರಾಗಬಹುದು. ಅವಳು ಒಂದಿಷ್ಟು ಪ್ರಾಣ ತುಂಬಿಕೊಂಡರೂ ನೀವು ಬದುಕಿರುತ್ತೀರಿ.