ಸಿಟ್ರಿಕ್ ಆಮ್ಲ ಹಾಕಿ ಕುದಿಸಿದ ಮೇಲೆ ಕೆಟಲ್‌ನಲ್ಲಿ ಬಿಳಿ ಪುಡಿ ಕೂರುತ್ತಿದೆ, ಏನು ಮಾಡಲಿ?

ಪ್ರಶ್ನೆ (ಕೋಲಾರದಿಂದ):
ನಮ್ಮದು ಕೊಳವೆಬಾವಿಯ ಗಡಸು ನೀರು. ಸ್ಟೀಲ್ ಕೆಟಲ್‌ನ ತಳದಲ್ಲಿ ಸುಣ್ಣ ಗಟ್ಟಿಯಾಗಿ ಕಟ್ಟಿತ್ತು. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸಿಟ್ರಿಕ್ ಆಮ್ಲ ಹಾಕಿ ಕುದಿಸಿದೆ. ಮೊದಲು ನೊರೆ ಬಂದು ಬೇಗನೆ ನಿಂತಿತು. ಈಗ ಅದೇ ಜಾಗದಲ್ಲಿ ಹಿಟ್ಟಿನಂತಹ ಬಿಳಿ ಪುಡಿ ಕೂತಿದೆ, ಮತ್ತೆ ಕುದಿಸಿದರೆ ಹೆಚ್ಚಾಗುತ್ತದೆ. ನಾನು ತಂದ ಸಿಟ್ರಿಕ್ ಆಮ್ಲ ಕಲಬೆರಕೆಯದಿರಬಹುದೇ? ಆ ನೀರು ಅಡುಗೆಮನೆಯ ಶಹಾಬಾದ್ ಕಲ್ಲಿನ ಮೇಲೂ ಚೆಲ್ಲಿ ಮಂಕಾದ ಕಲೆ ಬಿದ್ದಿದೆ. ಅದನ್ನು ತೆಗೆಯುವುದು ಹೇಗೆ?

ಉತ್ತರ 1:
ನಿಮ್ಮ ಆಮ್ಲವನ್ನು ಸಂಶಯಿಸಬೇಕಾಗಿಲ್ಲ. ನೊರೆ ಬಂದಿದ್ದೇ ಅದು ಸುಣ್ಣವನ್ನು ತಿಂದಿದೆ ಎಂಬುದಕ್ಕೆ ಸಾಕ್ಷಿ. ಆ ನೊರೆ ಇಂಗಾಲದ ಡೈಆಕ್ಸೈಡ್. ತೊಂದರೆ ಇರುವುದು ಕುದಿಸಿದ್ದರಲ್ಲಿ ಮತ್ತು ಆಮ್ಲ ಸಾಲದೇ ಹೋದದ್ದರಲ್ಲಿ. ಸುಣ್ಣ ಕರಗಿದಾಗ ಕ್ಯಾಲ್ಸಿಯಂ ಸಿಟ್ರೇಟ್ ಉಂಟಾಗುತ್ತದೆ. ಸಕ್ಕರೆ, ಉಪ್ಪುಗಳು ಬಿಸಿ ನೀರಿನಲ್ಲಿ ಹೆಚ್ಚು ಕರಗಿದರೆ ಇದು ತದ್ವಿರುದ್ಧ: ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ನೀವು ನೋಡುತ್ತಿರುವ ಪುಡಿ ಬಹುಮಟ್ಟಿಗೆ ಅದೇ.

ಪ್ರಮಾಣವನ್ನೂ ಗಮನಿಸಿ. 10 ಗ್ರಾಂ ಸುಣ್ಣಕ್ಕೆ ಕನಿಷ್ಠ 13ರಿಂದ 14 ಗ್ರಾಂ ಸಿಟ್ರಿಕ್ ಆಮ್ಲ ಬೇಕು. ಒಂದು ಟೀ ಚಮಚದಲ್ಲಿರುವುದು ಸುಮಾರು 5 ಗ್ರಾಂ ಮಾತ್ರ. ಆಮ್ಲ ಮಿಕ್ಕಿದ್ದರೆ ಸಿಟ್ರೇಟ್ ಕರಗಿಕೊಂಡೇ ಇರುತ್ತದೆ, ಮುಗಿದುಹೋದರೆ ತಳಕ್ಕೆ ಇಳಿಯುತ್ತದೆ.

ಹಳೆಯ ನೀರನ್ನು ಚೆಲ್ಲಿ, ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 40 ಗ್ರಾಂನಷ್ಟು ಹಾಕಿ. ಸ್ವಿಚ್ ಒತ್ತಬೇಡಿ. ಒಂದೆರಡು ಗಂಟೆ ನೆನೆಯಲು ಬಿಟ್ಟು ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಇದನ್ನು ಬಳಸಬೇಡಿ, ಆಮ್ಲ ಲೋಹವನ್ನೇ ಕೊರೆಯುತ್ತದೆ.

ಉತ್ತರ 2:
ಕಲ್ಲಿನ ಬಗ್ಗೆ ಹೇಳುತ್ತೇನೆ. ಶಹಾಬಾದ್ ಮತ್ತು ಕಡಪ ಕಲ್ಲುಗಳು ಸುಣ್ಣದ ಕಲ್ಲುಗಳೇ, ಅಮೃತಶಿಲೆಯೂ ಅದೇ ಜಾತಿ. ಅಲ್ಲಿ ಆಗಿರುವುದು ಕಲೆಯಲ್ಲ, ಮೇಲ್ಮೈ ಕರಗಿ ಹೊಳಪು ಹೋಗಿದೆ. ಎಷ್ಟು ತೊಳೆದರೂ ಬಾರದು, ಪಾಲಿಶ್ ಮಾಡಿಸಲೇಬೇಕು. ಮುಂದೆ ಚೆಲ್ಲಿದರೆ ತಕ್ಷಣ ಬಟ್ಟೆಯಿಂದ ಒರೆಸಿ, ನೀರು ಹಾಕಿ.

ಪ್ರಶ್ನೆ ಕೇಳಿದವರು:
ಬಹಳ ಧನ್ಯವಾದ. ಕುದಿಸದೆ ನೆನೆಸಿಟ್ಟಾಗ ತಳದ ಸ್ಟೀಲ್ ಕಾಣಿಸಿತು. ಇದೇ ನೀರಿನಲ್ಲಿ ತಲೆ ತೊಳೆದು ಮಗಳ ಕೂದಲು ಒರಟಾಗಿದೆ. ಸಿಟ್ರಿಕ್ ಆಮ್ಲ ಬೆರೆಸಿದ ನೀರನ್ನು ಕೊನೆಗೆ ಹಾಕಬಹುದೇ?

ಉತ್ತರ 1:
ಹಾಕಬಹುದು, ಆದರೆ ಕೆಟಲ್‌ಗೆ ಹಾಕಿದ ಪ್ರಮಾಣವನ್ನು ಖಂಡಿತ ಬಳಸಬೇಡಿ. ಬೇರೆಯವರ ಅಳತೆಯೂ ನಿಮಗೆ ಹೊಂದುವುದಿಲ್ಲ, ಏಕೆಂದರೆ ಗಡಸು ನೀರಿನ ಕ್ಷಾರ ಒಂದಿಷ್ಟು ಆಮ್ಲವನ್ನು ನುಂಗಿಬಿಡುತ್ತದೆ, ಎಷ್ಟು ಎಂಬುದು ಬಾವಿಯಿಂದ ಬಾವಿಗೆ ಬೇರೆ. ನೀರು ಎಷ್ಟು ಆಮ್ಲೀಯ ಎಂದು ತೋರಿಸುವ ಪಿಎಚ್ ಕಾಗದ ತನ್ನಿ. ಒಂದು ಲೀಟರ್ ನೀರಿಗೆ ಅರ್ಧ ಗ್ರಾಂನಿಂದ ಶುರು ಮಾಡಿ, ಪಿಎಚ್ 4ರಿಂದ 5ರ ನಡುವೆ ಬರುವವರೆಗೆ ಚಿಟಿಕೆ ಚಿಟಿಕೆಯಾಗಿ ಸೇರಿಸಿ. ಶಾಂಪೂ ಹೋದ ಮೇಲೆ ಕೂದಲಿನ ಮೇಲೆ ಸುರಿದು, ನಿಮಿಷದ ಬಳಿಕ ತೊಳೆಯಿರಿ. ತಲೆಯಲ್ಲಿ ಗಾಯವಿದ್ದರೆ ಬೇಡ. ಕಣ್ಣಿಗೆ ಬಿದ್ದರೆ ಸಾಕಷ್ಟು ನೀರಿನಿಂದ ತೊಳೆಯಿರಿ.

ಉತ್ತರ 2:
ಬಚ್ಚಲಿನಲ್ಲಿ ಬ್ಲೀಚಿಂಗ್ ಪುಡಿ ಹಾಕಿದ್ದರೆ ಅದರ ಮೇಲೆ ಸಿಟ್ರಿಕ್ ಆಮ್ಲದ ನೀರು ಬೀಳದಂತೆ ನೋಡಿಕೊಳ್ಳಿ. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.